ಕಾಫಿಯ ಮಲೆಗಳಿಗೆ ಇಂಗ್ಲಿಷ್ ವಾಕ್ಯ ಬಂದ ಬಗೆ

ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರ ಹೆಸರನ್ನು ಕನ್ನಡಿಗರು ಶಿಲಾಶಾಸನಗಳೊಡನೆ ಸೇರಿಸಿ ಸ್ಮರಿಸುವುದು ವಾಡಿಕೆ. ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಪೂರ್ವಚರಿತ್ರೆಗೆ ಆಧಾರವನ್ನೊದಗಿಸಿದ ಉಪಕಾರ ಅವರದಾದ್ದರಿಂದ ಆ ಸ್ಮರಣೆ ಉಚಿತವೂ ಹೌದು. ಆದರೆ ಅದಕ್ಕೆ ಮೂರು ದಶಕಗಳಿಗೂ ಮುನ್ನ, 1868ರಲ್ಲಿ, ಇದೇ ರೈಸರು ಮೈಸೂರು ಮತ್ತು ಕೊಡಗು ಸೀಮೆಗಳ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಕೈಗೊಂಡರೆಂಬುದೂ, ಇಂಗ್ಲಿಷ್ ವ್ಯಾಕರಣದ ಪಾಠವು ಈ ಘಟ್ಟಗಳನ್ನೇರಿ ಬಂದದ್ದು ಆ ಇಲಾಖೆಯ ಪಠ್ಯಕ್ರಮದ ಬೆನ್ನುಹಿಡಿದೆಂಬುದೂ ಅಷ್ಟಾಗಿ ಯಾರ ಗಮನಕ್ಕೂ ಬಂದಂತೆ ಕಾಣದು. ಒಬ್ಬನೇ ಅಧಿಕಾರಿ ಕನ್ನಡದ ಹಳೆಯ ವಾಕ್ಯವನ್ನು ಕಲ್ಲಿನ ಮೇಲಿಂದ ಪಡಿಯೆತ್ತಿ ಅಚ್ಚಿಗೆ ಕಳುಹಿದನು. ಇಂಗ್ಲಿಷಿನ ಹೊಸ ವಾಕ್ಯವನ್ನು ಹುಡುಗರ ಸ್ಲೇಟಿನ ಮೇಲೆ ಬರೆಯಿಸಲು ಏರ್ಪಾಡು ಮಾಡಿದವನೂ ಅವನೇ. ರಚನೆಯಲ್ಲಿ ಒಂದಕ್ಕೊಂದು ಬಹುದೂರವಾದ ಈ ಎರಡು ವಾಕ್ಯಗಳು ಮಲೆನಾಡಿನ ವಿದ್ಯಾರ್ಥಿಯ ತಲೆಯೊಳಗೆ ಸಂಧಿಸಿದಾಗ ಏನಾಯಿತೆಂಬುದು ಇಲ್ಲಿಯ ವಿಚಾರ.

ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂಬ ಗ್ರಾಮವು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ಪ್ರಸಿದ್ಧವಾಗಿದೆ. ಅಲ್ಲಿಯ ವಾಸಂತಿಕೆಯ ಗುಡಿ ಮತ್ತು ಬಸದಿಗಳ ಪರಿಸರದಲ್ಲಿಯೂ, ಭದ್ರಾನದಿಯ ತಡಿಯಲ್ಲಿರುವ ಕಳಸದಲ್ಲಿಯೂ ದೊರೆತ ಹಳೆಯ ಲೇಖಗಳನ್ನು ವ್ಯಾಕರಣದ ದೃಷ್ಟಿಯಿಂದ ಓದುವ ತಾಳ್ಮೆಯುಳ್ಳವರಿಗೆ ಒಂದು ಸಂಗತಿ ಬೇಗ ಗೋಚರಿಸುತ್ತದೆ. ಆ ಕಾಲದ ದಾನಶಾಸನದ ಸಾಮಾನ್ಯ ಪದ್ಧತಿಯೆಂದರೆ, ಮೊದಲು ರಾಜನ ಬಿರುದುಗಳ ಸಾಲು, ಅದರ ಕೊನೆಗೆ ‘ರಾಜ್ಯಂಗೆಯ್ಯುತ್ತಮಿರೆ’ ಎಂಬ ನಿಲುಗಡೆ. ಬಳಿಕ ಸಾಮಂತನ ವರ್ಣನೆ, ಕಾಲನಿರ್ದೇಶ, ಭೂಮಿಯ ಎಲ್ಲೆಕಟ್ಟು. ಇಷ್ಟೆಲ್ಲವೂ ಮುಗಿದಮೇಲೆ, ಕಟ್ಟಕಡೆಗೆ, ‘ಕೊಟ್ಟಂ’ ಎಂದೋ ‘ಬಿಟ್ಟಂ’ ಎಂದೋ ಒಂದೇ ಒಂದು ಪೂರ್ಣಕ್ರಿಯೆ. ನಡುವೆ ಬರುವ ಕ್ರಿಯೆಗಳೆಲ್ಲ ತಾವಾಗಿ ವಾಕ್ಯವನ್ನು ಮುಗಿಸದ ಕೃದಂತಗಳು. ಮಾಡಿ, ಕರ್ಚಿ, ಎರೆದು, ಎಂಬ, ಇರೆ ಎಂಬಿಂಥವು. ಅರಸು ಆಳುತ್ತಿರುವುದಕ್ಕೆ ಬೇರೆ ಕರ್ತೃ, ದಾನ ಕೊಡುವುದಕ್ಕೆ ಬೇರೆ ಕರ್ತೃ ಇದ್ದರೂ, ‘ಇರೆ’ ಎಂಬ ಆ ಒಂದು ರೂಪವೇ, ಇಲ್ಲಿಯವರೆಗೆ ಒಬ್ಬನ ಮಾತು, ಇಲ್ಲಿಂದ ಮುಂದೆ ಇನ್ನೊಬ್ಬನದು ಎಂದು ಎಚ್ಚರಿಸುತ್ತದೆ. ಇದಕ್ಕೆ ನಮ್ಮ ವೈಯಾಕರಣರು ಸತಿಸಪ್ತಮಿಯೆಂಬ ಸಂಸ್ಕೃತದ ಹೆಸರನ್ನು ಕೊಟ್ಟರು.

ಹೆಸರು ಕೊಟ್ಟರೇ ಹೊರತು, ವಾಕ್ಯವನ್ನೇ ಒಂದು ಪದಾರ್ಥವಾಗಿ ಎದುರಿಗಿಟ್ಟುಕೊಂಡು ವಿಭಾಗಿಸಿ ನೋಡುವ ಗೋಜಿಗೆ ಅವರು ಹೋಗಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ, ವಾಕ್ಯಕ್ಕೆಂದು ಒಂದು ಪ್ರಕರಣವಿಲ್ಲ. 1604ರಲ್ಲಿ ಭಟ್ಟಾಕಳಂಕದೇವನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ವನ್ನು 1890ರಲ್ಲಿ ಸಂಪಾದಿಸಿದವರೂ ರೈಸರೇ, ಆ ಮಹಾಗ್ರಂಥದ ಹೆಸರೇ ಹೇಳುವಂತೆ ಅದರ ಲಕ್ಷ್ಯವೂ ಶಬ್ದವೇ. ಇದನ್ನು ನ್ಯೂನತೆಯೆಂದು ಎಣಿಸಬೇಕಾಗಿಲ್ಲ. ಶಬ್ದದ ಕೊನೆಯಲ್ಲಿ ಅಂಟುವ ಪ್ರತ್ಯಯವೇ ವಾಕ್ಯದ ಸಂಬಂಧಗಳನ್ನೆಲ್ಲ ಹೊತ್ತು ನಿಲ್ಲುವ ಭಾಷೆಯಲ್ಲಿ, ಶಬ್ದವನ್ನು ಬಲ್ಲವನು ವಾಕ್ಯವನ್ನೂ ಬಹುಮಟ್ಟಿಗೆ ಬಲ್ಲನು.

ಇಂಗ್ಲಿಷಿನ ಪರಿಸ್ಥಿತಿ ಬೇರೆ. ಆ ಭಾಷೆಯ ಪ್ರತ್ಯಯಗಳು ಶತಮಾನಗಳ ಓಡಾಟದಲ್ಲಿ ಸವೆದುಹೋಗಿ, ಪದಗಳ ಸ್ಥಾನವೂ ಸಂಯೋಜಕ ಪದಗಳೂ ಅವುಗಳ ಕೆಲಸವನ್ನು ವಹಿಸಿಕೊಂಡುವು. ಆದರೂ ಅವರ ವ್ಯಾಕರಣಗಳು ಬಹುಕಾಲ ಲ್ಯಾಟಿನ್ನಿನ ಅಚ್ಚಿನಲ್ಲಿಯೇ ಎರಕವಾಗುತ್ತಿದ್ದುವು. 1795ರ ಲಿಂಡ್ಲೆ ಮರ್ರಿಯ ವ್ಯಾಕರಣವನ್ನು ಕಲಿತ ಹುಡುಗನು ಪ್ರತಿಯೊಂದು ಪದವನ್ನೂ ಹೆಕ್ಕಿ, ಅದರ ಜಾತಿ, ಲಿಂಗ, ವಚನ, ವಿಭಕ್ತಿಗಳನ್ನು ಒಪ್ಪಿಸುತ್ತಿದ್ದನು. ಅದಕ್ಕೆ ಪಾರ್ಸಿಂಗ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ಬೆಕರ್ ಎಂಬ ವಿದ್ವಾಂಸನ ವಿಚಾರಗಳನ್ನು ಮೋರೆಲ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ ತನ್ನ ದೇಶಕ್ಕೆ ತಂದು, 1852ರಲ್ಲಿ ವಾಕ್ಯವಿಶ್ಲೇಷಣೆಯನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದನು. ಪೂರ್ಣಕ್ರಿಯೆಯಿಲ್ಲದ ಪದಗಳ ಗುಂಪು ಫ್ರೇಜ್, ಅಂದರೆ ಪದಪುಂಜ. ತನ್ನದೇ ಕರ್ತೃವನ್ನೂ ಪೂರ್ಣಕ್ರಿಯೆಯನ್ನೂ ಹೊಂದಿ ದೊಡ್ಡ ವಾಕ್ಯವೊಂದರ ಅಂಗವಾಗಿರುವುದು ಕ್ಲಾಜ್, ಅಂದರೆ ಉಪವಾಕ್ಯ. ಕ್ರಿಯೆಯಿಂದ ಹುಟ್ಟಿಯೂ ನಾಮದಂತೆ, ವಿಶೇಷಣದಂತೆ, ಅವ್ಯಯದಂತೆ ವರ್ತಿಸುವ ಜೆರಂಡ್, ಪಾರ್ಟಿಸಿಪಲ್, ಇನ್‌ಫಿನಿಟಿವ್‌ಗಳು ವರ್ಬಲ್‌ಗಳು. ಶಾಲೆಯಲ್ಲಿ ಓದಿದವರೆಲ್ಲರಿಗೂ ಪರಿಚಿತವಾದ ಈ ವಿಭಾಗಕ್ರಮವು ಪಾಠಶಾಲೆಗಳಲ್ಲಿ ನೆಲೆಯೂರಿದ್ದು ಆ ಮೇಲಿನ ಕಾಲದಲ್ಲಿ. ಅಂದರೆ, 1857ರಲ್ಲಿ ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಆರಂಭವಾದಾಗ, ಇಂಗ್ಲೆಂಡಿನ ಬಾಲಕರಿಗೂ ಅದು ಹೊಸ ವಿದ್ಯೆಯೇ ಆಗಿದ್ದಿತು. ಇದನ್ನು ಭಾರತದ ಮೂಲೆಮೂಲೆಗೆ ಮುಟ್ಟಿಸಿದವರು ವಾಯವ್ಯ ಪ್ರಾಂತ್ಯ ಮತ್ತು ಅವಧ್ ಸೀಮೆಯಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿದ್ದ ನೆಸ್‌ಫೀಲ್ಡರು. 1890ರ ದಶಕದಲ್ಲಿ ಮ್ಯಾಕ್‌ಮಿಲನ್ ಕಂಪನಿ ಪ್ರಕಟಿಸಿದ ಅವರ ವ್ಯಾಕರಣಮಾಲೆಯನ್ನು ಮುಟ್ಟದೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂಡುವುದು ಎರಡು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಊಹಾತೀತವಾಗಿದ್ದಿತು.

ಮಲೆನಾಡಿನ ಹುಡುಗನು ಈ ನೆಸ್‌ಫೀಲ್ಡರ ಬಳಿಗೆ ಬರುವುದಕ್ಕೆ ಮುಂಚೆ ಹಾದುಬರಬೇಕಾದ ಮೆಟ್ಟಿಲುಗಳು ಹಲವು. ಮೊದಲನೆಯದು ಐಗಳ ಮಠ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಬಂದ ಐಗಳೊಬ್ಬರು ಗೌಡರ ಮನೆಯ ಉಪ್ಪರಿಗೆಯಲ್ಲಿಯೋ ಜಗಲಿಯಲ್ಲಿಯೋ ನೆಲೆನಿಂತು, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುವರು. ಸಂಬಳವೆಂದರೆ ಊಟ, ವಸತಿ, ಅಷ್ಟಿಷ್ಟು ಅಕ್ಕಿ, ಕಾಸು. ಅಲ್ಲಿಂದ ಮುಂದೆ ಹೋಬಳಿಯ ಕನ್ನಡ ಶಾಲೆ. ಅದರಾಚೆಗೆ ದೊಡ್ಡ ಊರಿನ ಆಂಗ್ಲೋ-ವರ್ನಾಕ್ಯುಲರ್ ಶಾಲೆ, ಜನರ ಬಾಯಲ್ಲಿ ಎ.ವಿ. ಸ್ಕೂಲು. ಲೋಯರ್ ಸೆಕೆಂಡರಿಯೆಂಬ ಎಲ್.ಎಸ್. ಪರೀಕ್ಷೆಯನ್ನು ದಾಟಿದವನು ಹೈಸ್ಕೂಲಿಗಾಗಿ ಚಿಕ್ಕಮಗಳೂರನ್ನೋ, ಹಾಸನವನ್ನೋ, ಘಟ್ಟವಿಳಿದು ಮಂಗಳೂರನ್ನೋ, ಇಲ್ಲವೆ ದೂರದ ಮೈಸೂರನ್ನೋ ಆಶ್ರಯಿಸಬೇಕಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಅವನ ಭವಿಷ್ಯವನ್ನು ನಿರ್ಣಯಿಸುತ್ತಿದ್ದುದು ಮದರಾಸಿನ ವಿಶ್ವವಿದ್ಯಾನಿಲಯ. ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಮನೆಯ ಉಪ್ಪರಿಗೆಯ ಪಾಠದಿಂದ ತೀರ್ಥಹಳ್ಳಿಗೂ, ಅಲ್ಲಿಂದ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೂ ನಡೆದದ್ದು ಈ ಮೆಟ್ಟಿಲುಗಳನ್ನು ಹತ್ತಿಯೇ. ಅವರ ಮೊದಲನೆಯ ಕವನಸಂಕಲನ, 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷಿನದಾಗಿದ್ದುದು ಆಕಸ್ಮಿಕವಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಒಂದು ಪಾಠವಿಷಯ ಮಾತ್ರವಾಗಿರದೆ ಉಳಿದ ವಿಷಯಗಳ ಬೋಧನಮಾಧ್ಯಮವೂ ಆಗಿದ್ದ ಕಾಲವದು.

ಹೀಗೆ ಓದಿದವರೆಲ್ಲರೂ ಕವಿಗಳಾಗಲಿಲ್ಲವಷ್ಟೆ. ಕಾಫಿಯ ಸೀಮೆಯಲ್ಲಿ ಇಂಗ್ಲಿಷ್ ಬಲ್ಲವನಿಗೆ ಹತ್ತಿರದಲ್ಲಿ ಸಿಕ್ಕುತ್ತಿದ್ದ ಉದ್ಯೋಗವೆಂದರೆ ಎಸ್ಟೇಟಿನ ರೈಟರ ಕೆಲಸ. ಬಾಬಾಬುಡನ್ ಗಿರಿಯ ದಕ್ಷಿಣದ ಎತ್ತರದಲ್ಲಿ 1830ರ ಸುಮಾರಿಗೆ ಕ್ಯಾನನ್ ಎಂಬ ದೊರೆ ತೋಟವೆಬ್ಬಿಸಿದಂದಿನಿಂದ, ಯೂರೋಪಿಯನ್ನರ ತೋಟಗಳು ಚಿಕ್ಕಮಗಳೂರು, ಮೂಡಿಗೆರೆ, ಮಂಜರಾಬಾದುಗಳ ಕಾಡನ್ನು ಕ್ರಮೇಣ ಆಕ್ರಮಿಸಿದುವು. ಮಂಜರಾಬಾದಿನ ಎಲಿಯಟ್ ದೊರೆ 1871ರಲ್ಲಿಯೂ 1894ರಲ್ಲಿಯೂ ಬರೆದ ಎರಡು ಪುಸ್ತಕಗಳು ಆ ಜೀವನದ ಸವಿಸ್ತಾರ ಚಿತ್ರಗಳು. ತೋಟದ ಕೆಲಸ ನಡೆಯುತ್ತಿದ್ದುದು ಕನ್ನಡ, ತುಳು, ತಮಿಳುಗಳಲ್ಲಿ; ತೋಟದ ಕಾಗದಪತ್ರ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಈ ಎರಡರ ನಡುವೆ ಕುಳಿತವನು ರೈಟರು. ಬೆಳಗ್ಗೆ ಮೇಸ್ತ್ರಿಯ ಬಾಯಿಂದ ಕೇಳಿದ್ದನ್ನು ಹಾಜರಿಪಟ್ಟಿಯಾದ ಚೆಕ್‌ರೋಲಿಗೆ ಇಳಿಸಿ, ಬಟವಾಡೆಯ ಲೆಕ್ಕ ಬರೆದು, ಸಂಜೆಗೆ ದೊರೆಯ ಪರವಾಗಿ, ಕಾಫಿಯನ್ನು ಹದಗೊಳಿಸುವ ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಪತ್ರವನ್ನು ಸಿದ್ಧಪಡಿಸುವ ಅವನ ಕೈಯಲ್ಲಿ, ಒಂದೇ ವೃತ್ತಾಂತವು ದಿನವೂ ಒಂದು ವಾಕ್ಯರಚನೆಯಿಂದ ಇನ್ನೊಂದಕ್ಕೆ ಮತಾಂತರ ಹೊಂದುತ್ತಿದ್ದಿತು.

ಮೇಸ್ತ್ರಿ ಹೇಳುವ ಮಾತು ಹೀಗಿರುತ್ತದೆ: ‘ಹಣ್ಣು ಕೊಯ್ದು, ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಇಟ್ಟಿದ್ದೇವೆ.’ ಐದು ಕೆಲಸಗಳಿಗೆ ಐದು ಕೃದಂತಗಳು; ಕೊನೆಯಲ್ಲಿ ಮಾತ್ರ ಪೂರ್ಣಕ್ರಿಯೆ. ಅಂಗಡಿಯ ಶಾಸನವನ್ನು ಕಡೆದ ರೂವಾರಿಗೂ ಈ ಮೇಸ್ತ್ರಿಗೂ ನಡುವೆ ಎಂಟುನೂರು ವರ್ಷಗಳಿಗಿಂತ ಹೆಚ್ಚಿನ ಅಂತರವಿದ್ದರೂ ವಾಕ್ಯದ ಬೆನ್ನೆಲುಬು ಬದಲಾಗಲಿಲ್ಲ. ಇದನ್ನು ಇಂಗ್ಲಿಷಿಗೆ ತರಹೊರಟ ರೈಟರು ಪಾರ್ಟಿಸಿಪಲ್‌ಗಳನ್ನು ಸಾಲಾಗಿ ಪೋಣಿಸಿದರೆ ಆ ವಾಕ್ಯ ಇಂಗ್ಲಿಷಿನ ಕಿವಿಗೆ ಕುಂಟುತ್ತದೆ. ಪ್ರತಿಯೊಂದು ಕೆಲಸಕ್ಕೂ ಪೂರ್ಣಕ್ರಿಯೆಯನ್ನು ಕೊಟ್ಟು ‘ಆ್ಯಂಡ್’ ಎಂದು ಜೋಡಿಸಬೇಕು, ಇಲ್ಲವೆ ‘ಆಫ್ಟರ್’, ‘ವೆನ್’ ಎಂಬ ಪದಗಳನ್ನು ತಲೆಯಲ್ಲಿಟ್ಟು ಉಪವಾಕ್ಯಗಳನ್ನು ಕಟ್ಟಬೇಕು.

ಇದಕ್ಕಿಂತ ತೊಡಕಿನ ಸ್ಥಳ ಇನ್ನೊಂದುಂಟು. ಕಾಫಿ ಒಣಗಿಸಿದ ಹೆಂಗಸು, ಕಾಫಿ ಒಣಗಿಸಿದ ಕಣ, ಕಾಫಿ ಒಣಗಿಸಿದ ದಿನ, ಕಾಫಿ ಒಣಗಿಸಿದ ಕೂಲಿ ಎಂಬ ನಾಲ್ಕು ಮಾತುಗಳನ್ನು ನೋಡಿ. ‘ಒಣಗಿಸಿದ’ ಎಂಬ ಕೃದಂತವು ನಾಲ್ಕರಲ್ಲಿಯೂ ಒಂದೇ. ಹೆಂಗಸು ಒಣಗಿಸಿದವಳು, ಕಣ ಒಣಗಿಸಿದ ಸ್ಥಳ, ದಿನ ಒಣಗಿಸಿದ ಕಾಲ, ಕೂಲಿ ಒಣಗಿಸಿದ್ದಕ್ಕೆ ದೊರೆತ ಫಲ ಎಂಬ ಸಂಬಂಧಗಳನ್ನು ಕನ್ನಡವು ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವನ ಲೋಕಜ್ಞಾನದಲ್ಲಿ ನಂಬಿಕೆಯಿಟ್ಟು ಸುಮ್ಮನಾಗುತ್ತದೆ. ಇಂಗ್ಲಿಷಿಗೆ ಆ ನಂಬಿಕೆಯಿಲ್ಲ. ಹೆಂಗಸಿಗೆ ‘ಹೂ’, ಕಣಕ್ಕೆ ‘ವೇರ್’, ದಿನಕ್ಕೆ ‘ವೆನ್’, ಕೂಲಿಗೆ ‘ಫಾರ್ ವಿಚ್’ ಎಂದು ಒಂದೊಂದಕ್ಕೂ ಬೇರೆ ಬೇರೆ ಸಂಬಂಧಸೂಚಕವನ್ನಿಟ್ಟು, ಹಿಂದೆ ಕರ್ತೃವನ್ನೂ ಪೂರ್ಣಕ್ರಿಯೆಯನ್ನೂ ಕೂರಿಸಿದಲ್ಲದೆ ಅದು ತೃಪ್ತವಾಗದು. ‘ದಿ ಕಾಫಿ ಡ್ರೈಡ್ ಯಾರ್ಡ್’ ಎಂದು ಬರೆದು ಏಟು ತಿನ್ನುತ್ತಿದ್ದ ಹುಡುಗನು ಅಜ್ಞಾನದಿಂದ ಹಾಗೆ ಬರೆಯುತ್ತಿದ್ದವನಲ್ಲ. ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದವನು. ಮನೆಯಲ್ಲಿ ತುಳು, ತಮಿಳು, ಮಲಯಾಳಗಳನ್ನಾಡುವ ತೋಟದ ಮಕ್ಕಳಿಗೂ ತೊಡಕು ಇದೇ, ಏಕೆಂದರೆ ದ್ರಾವಿಡವರ್ಗದ ಭಾಷೆಗಳೆಲ್ಲ ಈ ವಿಷಯದಲ್ಲಿ ಒಂದೇ ಕುಲದವು. ಆರ್ಯವರ್ಗಕ್ಕೆ ಸೇರಿದ ಕೊಂಕಣಿ ಸಹ ಕರ್ನಾಟಕದಲ್ಲಿ ಶತಮಾನಗಳು ನೆಲಸಿದ ಮೇಲೆ ಕನ್ನಡದ ಮಾದರಿಯ ಕೃದಂತವಾಕ್ಯಗಳನ್ನು ಒಳಗುಮಾಡಿಕೊಂಡಿದೆಯೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ.

ಕನ್ನಡದ ಒಲವು ಎಷ್ಟರಮಟ್ಟಿಗೆ ಕೃದಂತದ ಕಡೆಗಿದೆಯೆಂಬುದಕ್ಕೆ ನಾವು ಸಂಯೋಜಕಗಳೆಂದು ತಿಳಿದಿರುವ ಪದಗಳೇ ಸಾಕ್ಷಿ. ‘ಆದರೆ’, ‘ಆದ್ದರಿಂದ’, ‘ಅಲ್ಲದೆ’, ‘ಎಂದು’, ‘ಎಂಬ’ ಇವೆಲ್ಲವೂ ಆಗು, ಅಲ್, ಎನ್ ಎಂಬ ಧಾತುಗಳಿಂದ ಹುಟ್ಟಿದ ರೂಪಗಳು. ‘ನಾಳೆ ಹೂಮಳೆ ಬರುತ್ತದೆ ಎಂದು ರೈಟರು ಹೇಳಿದರು’ ಎಂಬಲ್ಲಿ, ಇಂಗ್ಲಿಷಿನವರು ನಾಮೋಪವಾಕ್ಯವೆಂದು ಕರೆಯುವ ಭಾಗವು ಪೂರ್ಣಕ್ರಿಯೆಯಿಂದಲೇ ಮುಗಿದರೂ, ಅದನ್ನು ಹಿಡಿದು ಮುಂದಿನ ಮಾತಿಗೆ ಕಟ್ಟುವ ‘ಎಂದು’ ಮತ್ತೆ ಒಂದು ಕೃದಂತವೇ!

ಹಾಗೆಂದು ಈ ಹೋಲಿಕೆಯಲ್ಲಿ ಇಂಗ್ಲಿಷೇ ಸದಾ ಕಟ್ಟುನಿಟ್ಟು, ಕನ್ನಡ ಸದಾ ಸಡಿಲ ಎಂದು ಭಾವಿಸಬಾರದು. ದಾರಿಯಲ್ಲಿ ನಡೆಯುತ್ತಿದ್ದಾಗ ಮರ ಬಿದ್ದಿತೆಂಬುದನ್ನು ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ ಹಾಕಿ ಅಜಾಗರೂಕತೆಯಿಂದ ಬರೆದರೆ ಮರವೇ ನಡೆಯುತ್ತಿದ್ದಂತಾಗುತ್ತದೆ. ಕರ್ತೃಹೀನವಾಗಿ ತೂಗಾಡುವ ಇಂಥ ಪಾರ್ಟಿಸಿಪಲ್‌ಗಳ ವಿಷಯದಲ್ಲಿ ಇಂಗ್ಲಿಷ್ ವ್ಯಾಕರಣಗಳೆಲ್ಲ ಎಚ್ಚರಿಕೆ ಕೊಡುತ್ತವೆ. ಕನ್ನಡದಲ್ಲಿಯಾದರೋ ‘ನಡೆದು’ ಎಂದರೆ ಮುಂದಿನ ಕ್ರಿಯೆಗೂ ಅವನೇ ಕರ್ತೃ, ‘ನಡೆಯುತ್ತಿರೆ’ ಎಂದರೆ ಕರ್ತೃ ಬೇರೆ ಎಂದು ಕ್ರಿಯಾರೂಪವೇ ಸಾರಿಬಿಡುತ್ತದೆ. ಶಾಸನದ ‘ಇರೆ’ ಮಾಡುತ್ತಿದ್ದ ಕೆಲಸವೂ ಇದೇ. ‘ಮಳೆ ಬಂದು ಹೊಳೆ ಏರಿತು’ ಎಂಬಂಥ ಮಾತುಗಳಲ್ಲಿ, ಒಂದು ಇನ್ನೊಂದಕ್ಕೆ ಕಾರಣವಾದೆಡೆ, ನಿಯಮ ಸಡಿಲುವುದುಂಟು. ಭದ್ರೆಯ ದಂಡೆಯ ಜನ ಪ್ರತಿ ಆಷಾಢದಲ್ಲಿಯೂ ಆ ಸಡಿಲಿಕೆಯನ್ನು ಬಳಸುತ್ತಾರೆ.

ಕನ್ನಡದ ಈ ಗುಣವನ್ನು ಮೊದಲು ಅಕ್ಕರೆಯಿಂದ ಪರಿಶೀಲಿಸಿದವರು ಹೊರಗಿನಿಂದ ಬಂದು ಅದನ್ನು ಕಷ್ಟಪಟ್ಟು ಕಲಿತವರು. 1817ರಲ್ಲಿ ಸೆರಾಂಪುರದ ವಿಲಿಯಂ ಕೇರಿ, 1820ರಲ್ಲಿ ಮದರಾಸಿನ ಮೆಕೆರೆಲ್, 1859ರಲ್ಲಿ ವೆಸ್ಲಿಯನ್ ಮಿಷನ್ನಿನ ಹಾಡ್‌ಸನ್ ಇವರು ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ಬರೆದರು. ಇವರೆಲ್ಲರನ್ನೂ ಮೀರಿಸಿದವರು ಕಿಟ್ಟೆಲರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ, 1894ರಲ್ಲಿ ನಿಘಂಟನ್ನೂ, ತಾವು ತೀರಿಕೊಂಡ 1903ರಲ್ಲಿಯೇ ಕನ್ನಡ ಭಾಷೆಯ ದೊಡ್ಡ ವ್ಯಾಕರಣವನ್ನೂ ಅವರು ಹೊರತಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನ ಮೂಲಕ. ಚಾರ್ಮಾಡಿ ಘಟ್ಟವಿಳಿದು ಮೂಡಿಗೆರೆಯ ಕಾಫಿ ಹದಗೊಳ್ಳಲು ಹೋಗುತ್ತಿದ್ದುದೂ ಅದೇ ಊರಿಗೆ. ತಮ್ಮ ಭಾಷೆಯ ಕೃದಂತಗಳನ್ನು ಕೇಶಿರಾಜನ ಮಾತಿನಲ್ಲಿಯೂ ಯೂರೋಪಿನ ಮಾತಿನಲ್ಲಿಯೂ ಒಟ್ಟಿಗೆ ವಿವರಿಸುವ ಗ್ರಂಥ ಅಷ್ಟು ಸಮೀಪದಲ್ಲಿ ಅಚ್ಚಾಗಿದ್ದರೂ, ಘಟ್ಟದ ಮೇಲಿನ ಎ.ವಿ. ಶಾಲೆಯ ಪಾಠಕ್ರಮವು ಅದನ್ನು ಬಳಸಿಕೊಳ್ಳಲಿಲ್ಲವೆಂಬುದು ನನಗೆ ಇಂದಿಗೂ ವ್ಯಸನದ ಸಂಗತಿಯಾಗಿ ತೋರುತ್ತದೆ.

ಉಪವಾಕ್ಯವನ್ನು ಅರಿಯದವರಿಗೆ ಅದರಿಂದಾಗುವ ಹಾನಿ ಪರೀಕ್ಷೆಯ ಅಂಕಗಳಷ್ಟಕ್ಕೇ ಸೀಮಿತವಾಗಿರಲಿಲ್ಲ. 1859ರ ಹದಿಮೂರನೆಯ ಕಾಯಿದೆಯು, ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಹಣ ಹಿಂದಿರುಗಿಸೆಂದೋ ಕೆಲಸ ಮಾಡೆಂದೋ ಆಜ್ಞೆ ಮಾಡಿಸಿ, ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆಗೆ ಕಳುಹಿಸಲು ಅವಕಾಶ ಕೊಟ್ಟಿದ್ದಿತು; ದಕ್ಷಿಣದ ತೋಟಗಾರರು ಅದನ್ನು ಬಹುಕಾಲ ಆಶ್ರಯಿಸಿದರು. ಬುದ್ಧಿಪೂರ್ವಕವಾಗಿಯೂ ನ್ಯಾಯವಾದ ಕಾರಣವಿಲ್ಲದೆಯೂ ಕೆಲಸವನ್ನು ತೊರೆದಿದ್ದರೆ ಎಂಬ ನಿಬಂಧನೆಯ ಉಪವಾಕ್ಯದೊಳಗೆ ಆಳಿನ ಬಿಡುಗಡೆಯ ದಾರಿಯೂ ಇದ್ದಿತು. ಆ ದಾರಿ ತೆರೆದಿರುವುದು ಇಂಗ್ಲಿಷ್ ಓದಬಲ್ಲವನಿಗೆ ಮಾತ್ರ ಕಾಣುತ್ತಿದ್ದಿತು, ಆಳಿಗೆ ಕಾಣುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದ ತರಗತಿಗಳಲ್ಲಿ ನೆಸ್‌ಫೀಲ್ಡರ ಗದ್ದುಗೆಗೆ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣಪುಸ್ತಕ ಬಂದಿತು. 1930ರ ದಶಕದಲ್ಲಿ ಹೊರಬಿದ್ದ ಈ ಪುಸ್ತಕದ ಕರ್ತೃಗಳಲ್ಲಿ ಮೊದಲಿಗರಾದ ರೆನ್, ‘ಬೋ ಜೆಸ್ಟ್’ ಎಂಬ ಸಾಹಸಕಾದಂಬರಿಯಿಂದ ಲೋಕಪ್ರಸಿದ್ಧರಾದವರೆಂಬುದು ಆ ಪುಸ್ತಕಕ್ಕೆ ಹೆದರಿದ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ತಿಳಿದಿದ್ದಿತೋ! ವಾಕ್ಯವನ್ನು ಕೋಷ್ಟಕದಲ್ಲಿ ಬಿಡಿಸಿ, ಪ್ರಧಾನವಾಕ್ಯವಿದು, ವಿಶೇಷಣೋಪವಾಕ್ಯವಿದು, ಇಂಥ ಪದಕ್ಕೆ ಸಂಬಂಧಿಸಿದ್ದು ಎಂದು ಬರೆಯುವುದೂ, ಉಪವಾಕ್ಯವನ್ನು ಪದಪುಂಜವಾಗಿಯೂ ಪದಪುಂಜವನ್ನು ಉಪವಾಕ್ಯವಾಗಿಯೂ ಪರಿವರ್ತಿಸುವುದೂ ಒಂದು ಬಗೆಯ ಗಣಿತವಾಗಿ ಪರಿಣಮಿಸಿ, ಮಾತನಾಡಲು ಬಾರದವ ಕೂಡ ಅದರಲ್ಲಿ ಪೂರ್ಣಾಂಕ ಪಡೆಯುವಂತಾಯಿತು. ಆ ಅಭ್ಯಾಸವನ್ನು ನಿರರ್ಥಕವೆಂದು ಹಳಿಯುವವರ ಪಕ್ಷ ನನ್ನದಲ್ಲ. ಕೃದಂತದ ನಾಡಿನವನಿಗೆ ಉಪವಾಕ್ಯವನ್ನು ಬಲವಂತವಾಗಿಯಾದರೂ ಬಿಡಿಸಿ ತೋರಿಸಿದ ವಿದ್ಯೆ ಅದೊಂದೇ. ಯೂರೋಪಿಯನ್ನರಿಂದ ತೋಟಗಳನ್ನು ಕೊಂಡ ನಮ್ಮವರು, 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ, ಎಂದರೆ ಸಾಮೂಹಿಕ ಮಾರಾಟದ ದಾಸ್ತಾನಿಗೆ, ಒಪ್ಪಿಸತೊಡಗಿದಾಗ, ಇಂಗ್ಲಿಷಿನ ನಮೂನೆಗಳನ್ನು ತುಂಬಿ ಪತ್ರವ್ಯವಹಾರ ನಡೆಸಲು ನೆರವಾದದ್ದೂ ಹೈಸ್ಕೂಲಿನಲ್ಲಿ ಕಲಿತ ಆ ಕೋಷ್ಟಕಗಳೇ.

ಈ ವಿದ್ಯೆ ಇಂಗ್ಲಿಷಿನ ತರಗತಿಯೊಳಗೇ ಉಳಿಯದೆ, ಗೋಡೆಯಾಚೆಯ ಕನ್ನಡದ ತರಗತಿಗೂ ಹಾದುಹೋಯಿತು. ಸಾಮಾನ್ಯವಾಕ್ಯ, ಸಂಯೋಜಿತವಾಕ್ಯ, ಮಿಶ್ರವಾಕ್ಯ ಎಂದು ನಮ್ಮ ಶಾಲಾ ವ್ಯಾಕರಣಗಳು ಮಾಡುವ ವಿಭಾಗ ಕೇಶಿರಾಜನದಲ್ಲ, ಭಟ್ಟಾಕಳಂಕನದೂ ಅಲ್ಲ; ಮೋರೆಲ್, ನೆಸ್‌ಫೀಲ್ಡರ ಪರಂಪರೆಯದು. ‘ಯಾವನು ದುಡಿಯುತ್ತಾನೆಯೋ ಅವನು ಉಣ್ಣುತ್ತಾನೆ’ ಎಂಬ ಮಾದರಿಯ ವಾಕ್ಯಗಳು ಹಳಗನ್ನಡದಲ್ಲಿಯೂ ಇಲ್ಲದಿಲ್ಲ. ಆದರೆ ಭಾಷಾಂತರಗಳೂ ಪತ್ರಿಕೆಗಳೂ ಸರ್ಕಾರದ ಆಜ್ಞೆಗಳೂ ಹೆಚ್ಚಿದಂತೆಲ್ಲ, ‘ದುಡಿಯುವವನು ಉಣ್ಣುತ್ತಾನೆ’ ಎಂದು ಮುಗಿಯಬಹುದಾದೆಡೆಯಲ್ಲೂ ಅವು ನುಸುಳತೊಡಗಿದುವು. ಸಂಸ್ಕೃತ ಮತ್ತು ಇಂಗ್ಲಿಷ್ ವ್ಯಾಕರಣಗಳ ಕಟ್ಟುಗಳನ್ನು ಕನ್ನಡಕ್ಕೆ ತೊಡಿಸುವ ಈ ರೂಢಿಯನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ ನಿಷ್ಠುರವಾಗಿ ಪ್ರಶ್ನಿಸಿದರು. ಅವರ ಲಿಪಿಸುಧಾರಣೆಯ ಸಲಹೆಗಳನ್ನು ಒಪ್ಪದವರೂ ವಾಕ್ಯದ ವಿಷಯದಲ್ಲಿ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇತ್ತ ಇಂಗ್ಲಿಷಿನ ತರಗತಿಯಲ್ಲಿ ಕೋಷ್ಟಕಗಳ ಕಾಲ ಮುಗಿಯುತ್ತ ಬಂದಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾಂತೀಯ ಇಂಗ್ಲಿಷ್ ಸಂಸ್ಥೆ ಆರಂಭವಾದ ಕಾಲದಲ್ಲಿ, ವಾಕ್ಯದ ಮಾದರಿಗಳನ್ನು ಪದೇ ಪದೇ ನುಡಿಸಿ ರೂಢಿ ಮಾಡಿಸುವ ಪದ್ಧತಿ ಬಲಗೊಂಡು, ವಿಶ್ಲೇಷಣೆ ಹಿಂದೆ ಸರಿಯಿತು. 1979ರಿಂದ ಎನ್. ಎಸ್. ಪ್ರಭು ಅವರು ಬೆಂಗಳೂರು ಮದರಾಸುಗಳ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ಇನ್ನೂ ಮುಂದೆ ಹೋಗಿ, ವ್ಯಾಕರಣದ ಪಾಠವನ್ನೇ ಕೈಬಿಟ್ಟು, ಅರ್ಥದ ಸಮಸ್ಯೆಗಳನ್ನು ಬಿಡಿಸುತ್ತ ಬಿಡಿಸುತ್ತ ಮಕ್ಕಳು ಭಾಷೆಯನ್ನು ಹಿಡಿಯಬಲ್ಲರೆಂದು ವಾದಿಸಿತು. ಲೋಕದ ಭಾಷಾಬೋಧಕರು ಅದನ್ನು ಇಂದಿಗೂ ಚರ್ಚಿಸುತ್ತಾರೆ.

ತರಗತಿಯ ಹೊರಗೆ, ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಮೀನು ಹಿಡಿಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರು ಇಂಗ್ಲಿಷಿನಲ್ಲಿ ಬರೆದ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ, ಎಸ್ಟೇಟಿನ ರೈಟರು ನಿತ್ಯ ನಡೆದ ಹಾದಿಯನ್ನು ಎದುರು ದಿಕ್ಕಿನಿಂದ ನಡೆದರು. ಮೂಲದ ವಾಕ್ಯಕ್ಕೆ ವಾಕ್ಯವನ್ನು ಹೊಂದಿಸುವ ಗೋಜಿಗೆ ಹೋಗದೆ ಭಾವಾನುವಾದವನ್ನು ಆರಿಸಿಕೊಂಡ ಅವರ ಕೈಯಲ್ಲಿ, ‘ಹೂ’, ‘ವಿಚ್’, ‘ವೇರ್’ಗಳ ಹಿಂದೆ ಸಾಲುಗಟ್ಟಿದ್ದ ಉಪವಾಕ್ಯಗಳು ಬಂದ, ಕಂಡ, ಕೂತ, ಹಾರಿದ ಎಂಬ ಕೃದಂತಗಳಲ್ಲಿ ಕರಗಿದುವು. ಎ.ವಿ. ಸ್ಕೂಲಿನ ಮೆಟ್ಟಿಲನ್ನು ಹತ್ತದ, ನೆಸ್‌ಫೀಲ್ಡರ ಹೆಸರು ಕೇಳದ ಮಲೆನಾಡಿನ ಓದುಗರು ಆ ಪುಸ್ತಕಗಳನ್ನು ಒಬ್ಬರಿಂದೊಬ್ಬರು ಎರವಲು ಪಡೆದು ಓದಿದರು.